ಎ.ಸಿ. ನೀರು

ಗಂಟೆಗೆ ಒಂದು ಚೊಂಬು. ಕೆಟ್ಟ ಸೆಕೆಯಿದ್ದರೆ ಒಂದೂವರೆ.
ಡೂಮ್‌ಲೈಟ್ ಸರ್ಕಲ್ಲಿನ ಹಲ್ಲಿನಾಸ್ಪತ್ರೆಯ ಹಿಂಗೋಡೆಯಲ್ಲಿ
ತೊಟ್ಟಿಕ್ಕುವ ಪೈಪಿನ ಕೆಳಗೆ
ನಾನಿಟ್ಟ ಪೇಂಟಿನ ಬಕೆಟ್ಟು.
ಸಂಜೆ ಏಳಕ್ಕೆ ಡಾಕ್ಟರ್ ತರನ್ನುಮ್ ಕೈಗವುಸು ಬಿಚ್ಚುವಾಗ
ಆ ನೀರನ್ನು ಐದು ಲೀಟರಿನ ಎಣ್ಣೆ ಕ್ಯಾನಿಗೆ ಸುರಿದು
ಕೀಲುಕೋಟೆಯ ಆಟೋ ಹತ್ತುತ್ತೇನೆ.
ಯಾರೋ ಕೇಳುತ್ತಾರೆ, ಸೀಮೆಎಣ್ಣೆಯಾ?
ಹ್ಞೂಂ ಅನ್ನುತ್ತೇನೆ.
ನಿಜ ಹೇಳಹೊರಟರೆ ನನ್ನ ಸ್ಟಾಪು ದಾಟಿಹೋಗುತ್ತದೆ.

ಕೊಂಡದ್ದು ನರಸಾಪುರದ ಹೈವೇ ಪಕ್ಕದ ನರ್ಸರಿಯಲ್ಲಿ,
ಮದುವೆ ಮುಗಿಸಿ ಬರುವಾಗ
ಬಾಡಿಗೆ ಗಾಡಿ ಪಂಕ್ಚರ್ ಆಗಿ ನಿಂತದ್ದಕ್ಕೆ.
ಆರುನೂರೈವತ್ತು.
ಮೈದುನ ಬೈರೇಶ ಮಂಡಿಯವನು, ಜಗತ್ತನ್ನೇ
ಟೊಮೆಟೊದಲ್ಲಿ ಲೆಕ್ಕ ಹಾಕುವವನು:
"ಐದು ಬಾಕ್ಸು ಅತ್ತಿಗೆ, ಇವತ್ತಿನ ರೇಟಲ್ಲಿ."

ಮಣ್ಣಿಲ್ಲ. ಇದ್ದಲು, ತೆಂಗಿನ ಸಿಪ್ಪೆ, ಒಡೆದ ಹೆಂಚು.
ಅತ್ತೆ ಪಿಳ್ಳಮ್ಮ ಕುಂಡದೊಳಗೆ ಬೆರಳಾಡಿಸಿ
"ಒಲೆ ಬಾಚಿ ತುಂಬ್ಕೊಟ್ಟವ್ನೆ ನಿಂಗೆ" ಅಂದರು.
ಆಗ ಹೂವಿತ್ತು, ನೇರಳೆ ಗೆರೆಯ ಬಿಳಿ.
"ಜಡೆಗೂ ಆಗಲ್ಲ, ದೇವ್ರಿಗೂ ಆಗಲ್ಲ,
ವಾಸ್ನೆನಾದ್ರೂ ಐತಾ?"
ಇರಲಿಲ್ಲ.
ಎಪ್ಪತ್ತು ದಿನ ಬಾಡದೆ ನಿಂತಿತು. ಪಿಳ್ಳಮ್ಮನಿಗೆ ಅದೇ ಅನುಮಾನ.
ಯಾರೂ ಇಲ್ಲದಾಗ ಪಕಳೆ ಹಿಸುಕಿ ನೋಡುತ್ತಿದ್ದರು,
ಪ್ಲಾಸ್ಟಿಕ್ಕೇನೋ ಎಂದು.

ಆಮೇಲೆ ನಾನು ಬೋರಿನ ನೀರು ಕುಡಿಸಿದೆ.
ನಮಗೆಲ್ಲ ಕುಡಿಸಿ ಬೆಳೆಸಿದ್ದು ಅದನ್ನೇ ತಾನೆ.
ಬೇರಿನ ಮೇಲೆ ಬಿಳಿ ಪೊರೆ ಕಟ್ಟಿತು,
ಸ್ನಾನದ ಹಂಡೆಯ ಒಳಮೈಗೆ ಕಟ್ಟುವಂಥದ್ದು.
ಎಲೆತುದಿ ಕಂದಿತು.
ಗೊತ್ತಿದ್ದ ಕಾಯಿಲೆ.
ಹನ್ನೊಂದು ವರ್ಷದಿಂದ ತೆರೆದ ಬಾಯಿಗೆ ದೀಪ ಹಿಡಿಯುವವಳು ನಾನು,
ಶ್ರೀನಿವಾಸಪುರದ ಬಾಯಿ, ಮುಳಬಾಗಿಲಿನ ಬಾಯಿ,
ಹಲ್ಲಿನ ಮೇಲಿನ ಕಂದು ಗೆರೆ ನೋಡಿಯೇ
ಯಾವ ಕಡೆಯ ಬೋರೆಂದು ಹೇಳಬಲ್ಲೆ, ಸುಮಾರಾಗಿ.
ಡಾಕ್ಟರು ಒಮ್ಮೆ, ಫೀಸಿಲ್ಲದೆ ನಿಮ್ಮವನ್ನೂ
ಬೆಳ್ಳಗೆ ಮಾಡಿಕೊಡ್ತೀನಿ ಅಂದರು.
ಇನ್ನೊಂದ್ಸಲ ಮೇಡಂ, ಅಂದೆ,
ಬಾಯಿಗೆ ಕೈ ಅಡ್ಡ ಹಿಡಿದು.

ಎ.ಸಿ. ನೀರಿಗೆ ಯಾವ ಊರೂ ಇಲ್ಲ.
ಕಾದು ಕೂತವರ ಉಸಿರು, ಬೆವರು, ಲವಂಗದೆಣ್ಣೆಯ ಘಾಟು,
ಎಲ್ಲ ತಣ್ಣಗಾಗಿ ಹನಿದದ್ದು.
ಸುರಿದರೆ ಬೂದಿಬಣ್ಣದ ಬೇರು
ನೋಡನೋಡುತ್ತಲೇ ಹಸಿರಾಗುತ್ತದೆ,
ಬಳೆ ಅಂಗಡಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ.

ಎಲೆಸಂದಿಯಲ್ಲೊಂದು ಗುಬುಟು.
ಬೇರೋ? ಹೂಗಡ್ಡಿಯೋ?
ಆಸ್ಪತ್ರೆಯ ಪುಟ್ಟ ಕನ್ನಡಿ ತಂದು
ದವಡೆಯ ಹಿಂದೆ ನೋಡುವಂತೆ ಎಲೆಯ ಹಿಂದೆ ನೋಡಿದೆ.
ಹನ್ನೆರಡು ದಿನ.
ಬೇರು.
ಮತ್ತೊಂದು. ಅದೂ ಬೇರೇ,
ಕುಂಡ ಬೇಡವೆಂದು ಗಾಳಿಗೆ ಚಾಚಿ
ಕಿಟಕಿಯ ಸರಳು ಹಿಡಿದು ನಿಂತಿತು,
ಸೀಟು ಸಿಗದ ಪ್ಯಾಸೆಂಜರಿನಂತೆ.

ಕಾರ್ತೀಕ ಕಳೆದು ಚಳಿ ಬಿತ್ತು. ಡಾಕ್ಟರು ಎ.ಸಿ. ಆರಿಸಿದರು.
ಬಕೆಟ್ಟಿನಲ್ಲಿ ಎರಡು ಸತ್ತ ಸೊಳ್ಳೆ. ಚೆಲ್ಲಿ ಬೋರಲಿಟ್ಟು ಬಂದೆ.
ಮನೆಯಲ್ಲಿದ್ದ ಒಂದೂವರೆ ಕ್ಯಾನನ್ನು
ವಾರಕ್ಕೊಂದು ಕಾಫಿ ಲೋಟದಲ್ಲಿ ಅಳೆದೆ.
ಗಿಡದ ಹತ್ತಿರ ಮಾತಾಡುವವಳಲ್ಲ ನಾನು,
ಏನೂ ಹೇಳಲಿಲ್ಲ.
ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದ ರಟ್ಟು ಕಿತ್ತುಹೋಗಿ
ಹೊಸದು ಅಂಟಿಸುವಷ್ಟರಲ್ಲಿ ತಿಂಗಳಾಗಿತ್ತು.
ರಾತ್ರಿಯೆಲ್ಲ ಅದರ ಮೇಲೇ ಥಂಡಿ ಗಾಳಿ.
ಮುಗಿಯಿತು ಅಂದುಕೊಂಡೆ.

ಆ ಚಳಿಯಲ್ಲೇ, ನೀರು ನಿಂತ ಮೇಲೆಯೇ,
ಮೂರನೆಯದು ಹೊರಬಂತು.
ತುದಿ ಮೊಂಡಾಗಿರಲಿಲ್ಲ. ಕೊಕ್ಕಿತ್ತು.

ಪಿಳ್ಳಮ್ಮ ದಿನಾ ಮೊಗ್ಗು ಎಣಿಸುತ್ತಾರೆ.
ಆರು. ಒಂದು ಉದುರಿ ಐದು.
"ಬಾಕ್ಸಿಗೊಂದು" ಅನ್ನುತ್ತಾನೆ ಬೈರೇಶ.
ಇನ್ನೂ ಬಿರಿದಿಲ್ಲ.

ಇವತ್ತು ಮಧ್ಯಾಹ್ನ, ಶಿವರಾತ್ರಿಯ ಮರುದಿನ,
ಡಾಕ್ಟರು ಹಣೆ ಒರೆಸಿಕೊಂಡು ರಿಮೋಟ್ ಹುಡುಕಿದರು.
ನಾನೊಬ್ಬ ಹುಡುಗನ ಬಾಯಿಗೆ ದೀಪ ಹಿಡಿದಿದ್ದೆ.
ಸ್ವಲ್ಪ ಹೊತ್ತಿಗೆ, ಗೋಡೆಯಾಚೆ,
ಬೋರಲಿಟ್ಟ ಬಕೆಟ್ಟಿನ ತಳಕ್ಕೆ
ಟಪ್ಪೆಂದು ಒಂದು ಹನಿ.
ಇನ್ನೊಂದು.
"ದೀಪ ಅಲ್ಲಾಡ್ತಿದೆ ವರದಮ್ಮ," ಅಂದರು ಡಾಕ್ಟರು,
"ಸರಿಯಾಗಿ ಹಿಡ್ಕೊಳ್ಳಿ."